ಹಳೆಯ ಎಲೆಕ್ಟ್ರಾನಿಕ್ ಆರ್ಗನ್: ರಿಪೇರಿ ಮಾಡಿಸಬೇಕೋ, ಮಿಡಿಗೆ ತಿರುಗಿಸಬೇಕೋ?

ಮೈಸೂರಿನ ಹಳೆಯ ಮನೆಗಳ ಹಾಲ್‌ನಲ್ಲಿ, ಚರ್ಚುಗಳ ಅಟ್ಟದ ಮೇಲೆ, ಮಂಡ್ಯದ ಕಡೆ ನಿಂತುಹೋದ ಆರ್ಕೆಸ್ಟ್ರಾಗಳ ಸಾಮಾನು ಕೋಣೆಯಲ್ಲಿ ಇನ್ನೂ ಕೆಲವು ಎಲೆಕ್ಟ್ರಾನಿಕ್ ಆರ್ಗನ್‌ಗಳು ಉಳಿದುಕೊಂಡಿವೆ. ಹೆಚ್ಚಿನವು 1960ರಿಂದ 80ರವರೆಗಿನವು. ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ: ಸರಿ ಮಾಡಿಸೋಣವೋ, ಒಳಗಿನದ್ದೆಲ್ಲ ಕಿತ್ತು ಕಂಪ್ಯೂಟರಿಗೆ ಹೊಂದಿಸೋಣವೋ, ಇಲ್ಲಾ ಗುಜರಿಗೆ ಹಾಕಿ ಹೊಸ ಕೀಬೋರ್ಡ್ ತರೋಣವೋ?

ಈ ಪ್ರಶ್ನೆಗೆ ಹಿಂಬದಿಯ ಹಲಗೆ ಬಿಚ್ಚದೆ ಉತ್ತರ ಹೇಳುವವರನ್ನು ನಂಬಬೇಡಿ. ಯಾವುದು ಒಳ್ಳೆಯದು ಅನ್ನುವುದು ನಿಮ್ಮ ಇಷ್ಟಕ್ಕಿಂತ ಹೆಚ್ಚಾಗಿ ಒಳಗಿನ ತಂತಿ ಕೆಲಸದ ಮೇಲೆ ನಿಂತಿದೆ. ಅದರಲ್ಲೂ ಒಂದು ವಿಚಿತ್ರವಿದೆ. ರಿಪೇರಿಗೆ ಒಗ್ಗುವ ಆರ್ಗನ್ ಮಿಡಿಗೆ, ಅಂದರೆ ಕೀಗಳ ಸುದ್ದಿಯನ್ನು ಕಂಪ್ಯೂಟರಿಗೆ ಕಳಿಸುವ ಕ್ರಮಕ್ಕೆ, ಸುಲಭವಾಗಿ ಒಗ್ಗುವುದಿಲ್ಲ. ರಿಪೇರಿಯೇ ಆಗದು ಎಂದು ಮೆಕ್ಯಾನಿಕ್ ಕೈಚೆಲ್ಲಿದ ಆರ್ಗನ್ ಮಿಡಿಗೆ ಮಾತ್ರ ಸಲೀಸಾಗಿ ಬರುತ್ತದೆ. ಆದ್ದರಿಂದ ಮೊದಲು ನಿಮ್ಮದು ಯಾವ ಕಾಲದ್ದು ಎಂದು ಗೊತ್ತುಮಾಡಿಕೊಳ್ಳಿ.

ಹೊಟ್ಟೆಯೊಳಗೆ ಏನಿದೆ

ಎಲ್ಲಕ್ಕಿಂತ ಹಳೆಯದು ಹ್ಯಾಮಂಡ್‌ನ ಚಕ್ರದ ಆರ್ಗನ್. 1935ರಲ್ಲಿ ಮಾರಾಟಕ್ಕೆ ಬಂತು. ಒಂದು ಮೋಟಾರು ಹಲ್ಲಿನ ಉಕ್ಕಿನ ಚಕ್ರಗಳನ್ನು ತಿರುಗಿಸುತ್ತದೆ, ಪ್ರತಿ ಚಕ್ರದ ಎದುರಿನ ಕಾಯಿಲ್‌ನಲ್ಲಿ ಸ್ವರ ಹುಟ್ಟುತ್ತದೆ. ಇಂಥದ್ದು ನಿಮ್ಮ ಬಳಿ ಇದ್ದರೆ ಅದು ಅಮೆರಿಕದಿಂದ ನೇರವಾಗಿ ಬಂದದ್ದೋ ಎಂದು ಮೊದಲು ನೋಡಿ. ಮೋಟಾರಿನ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿದೆ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಫ್ರೀಕ್ವೆನ್ಸಿ ಬದಲಾಗುವುದಿಲ್ಲ. ಫಲವಾಗಿ ಇಡೀ ವಾದ್ಯ ಸುಮಾರು ಮೂರು ಅರ್ಧಸ್ವರ (ಸೆಮಿಟೋನ್) ಕೆಳಗಿನ ಶ್ರುತಿಯಲ್ಲಿ ಹಾಡುತ್ತದೆ. 60 ಹರ್ಟ್ಸ್ ಕೊಡುವ ಬೇರೆ ಇನ್ವರ್ಟರ್ ಬೇಕು, ಇಲ್ಲವೇ ಹಾಗೇ ನುಡಿಸಲು ಕಲಿಯಬೇಕು.

ಎರಡನೆಯದು ಟ್ರಾನ್ಸಿಸ್ಟರ್ ಆರ್ಗನ್. ಯಮಹಾದ ಮೊದಲ ಎಲೆಕ್ಟೋನ್ 1959ರದು, ಇಂಗ್ಲೆಂಡಿನ ವಾಕ್ಸ್ ಕಾಂಟಿನೆಂಟಲ್ 1962ರದು. ಇಟಲಿಯ ಫಾರ್ಫಿಸಾ ಕೂಡ ಇದೇ ಗುಂಪು. ಹನ್ನೆರಡು ಸ್ವರಕ್ಕೆ ಹನ್ನೆರಡು ಆಸಿಲೇಟರ್, ಅವು ಮೇಲಿನ ಸ್ಥಾಯಿಯನ್ನು ಹುಟ್ಟಿಸುತ್ತವೆ. ಅಲ್ಲಿಂದ ಕೆಳಗೆ ಪ್ರತಿ ಸ್ಥಾಯಿಗೂ ಡಿವೈಡರ್ ಸರ್ಕ್ಯೂಟು ಫ್ರೀಕ್ವೆನ್ಸಿಯನ್ನು ಅರ್ಧ ಅರ್ಧ ಮಾಡುತ್ತಾ ಬರುತ್ತದೆ. ಎಲ್ಲವೂ ಬಿಡಿ ಬಿಡಿ ಭಾಗ, ಬೋರ್ಡ್ ಮೇಲೆ ಕಣ್ಣಿಗೆ ಕಾಣುತ್ತದೆ. ಹಳೆಯ ರೇಡಿಯೊ ರಿಪೇರಿ ಮಾಡಿ ಗೊತ್ತಿದ್ದವರಿಗೆ ಇದು ಕಷ್ಟದ ಕೆಲಸವಲ್ಲ.

1970ರ ದಶಕದಲ್ಲಿ ಹನ್ನೆರಡು ಆಸಿಲೇಟರ್ ಜಾಗಕ್ಕೆ ಒಂದೇ ಚಿಪ್ ಬಂತು. ಮಾಸ್ಟೆಕ್‌ನ ಎಂಕೆ50240 ಇದರಲ್ಲಿ ಹೆಸರುವಾಸಿ. ಸುಮಾರು 2 ಮೆಗಾಹರ್ಟ್ಸ್ ಕ್ಲಾಕ್ (ಒಂದೇ ಸಮನೆಯ ವೇಗದ ಮಿಡಿತ) ಕೊಟ್ಟರೆ ಅದನ್ನು 239, 253, 268 ಹೀಗೆ ಬೇರೆ ಬೇರೆ ಸಂಖ್ಯೆಗಳಿಂದ ಭಾಗಿಸಿ ಎಲ್ಲ ಸ್ವರಗಳನ್ನೂ ಕೊಡುತ್ತದೆ. ಈ ಚಿಪ್ ಈಗ ಹೊಸದಾಗಿ ತಯಾರಾಗುವುದಿಲ್ಲ, ಆದರೆ ಮಾಡುವ ಕೆಲಸ ಬರೀ ಭಾಗಾಕಾರವಾದ್ದರಿಂದ ಅದರ ಜಾಗಕ್ಕೆ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಚಿಪ್) ಕೂರಿಸಿದವರಿದ್ದಾರೆ. ಹಾಗಾಗಿ "ಚಿಪ್ ಸಿಗಲ್ಲ ಸಾರ್" ಅಂದ ಮಾತ್ರಕ್ಕೆ ಆರ್ಗನ್ ಸತ್ತಿತು ಅನ್ನಬೇಕಾಗಿಲ್ಲ.

ಕೊನೆಯದು 80ರ ಆಸುಪಾಸಿನ, ತಾಳದ ಪೆಟ್ಟಿಗೆ, ಒಂದೇ ಬೆರಳಿಗೆ ಕಾರ್ಡ್ ಎಲ್ಲ ಇರುವ ಮನೆಬಳಕೆಯ ಆರ್ಗನ್. ಒಳಗೆ ಕಂಪನಿಯೇ ತನಗಾಗಿ ಮಾಡಿಸಿಕೊಂಡ ದೊಡ್ಡ ಚಿಪ್‌ಗಳು. ಒಂದು ಸುಟ್ಟರೆ ಅಂಥದ್ದೇ ಇನ್ನೊಂದು ಆರ್ಗನ್ ಒಡೆದೇ ತೆಗೆಯಬೇಕು. ರಿಪೇರಿಗೆ ಇದು ಎಲ್ಲಕ್ಕಿಂತ ಕೆಟ್ಟದ್ದು.

ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ವಾಲ್ವ್ ಇರುವ ಆರ್ಗನ್ ಸಿಕ್ಕಿದರೆ ಅದರಲ್ಲಿ ಮುನ್ನೂರು ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ವಾಲ್ವ್ ರೇಡಿಯೊ ಮುಟ್ಟಿ ಪಳಗಿದವರಿಗೇ ಬಿಡಿ.

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ್ದು

ಎರಡು ಕೆಲಸಕ್ಕೆ ಯಾವ ತೀರ್ಮಾನವೂ ಬೇಕಿಲ್ಲ: ಪವರ್ ಸಪ್ಲೈ ಮತ್ತು ಕೀಗಳ ಕಾಂಟ್ಯಾಕ್ಟ್ (ಕೀ ಒತ್ತಿದಾಗ ಒಂದಕ್ಕೊಂದು ತಾಗುವ ತಂತಿಗಳು). ರಿಪೇರಿಗೂ ಇದು ಬೇಕು, ಮಿಡಿಗೂ ಬೇಕು, ಮಾರುವುದಾದರೂ ಬೇಕು. ಇವೆರಡೂ ಆದ ಮೇಲೆ ಅರ್ಧ ಆರ್ಗನ್‌ಗಳು ತಾವಾಗಿಯೇ ಉತ್ತರ ಹೇಳಿಬಿಡುತ್ತವೆ.

ವರ್ಷಗಟ್ಟಲೆ ಮುಚ್ಚಿಟ್ಟ ವಾದ್ಯವನ್ನು ನೇರವಾಗಿ ಪ್ಲಗ್‌ಗೆ ಹಾಕಬೇಡಿ. ಇಲಿ ತಂತಿ ಕಡಿದಿರುತ್ತದೆ, ಜಿರಲೆ ಸಂಸಾರ ಹೂಡಿರುತ್ತದೆ. ಟಿವಿ ಮೆಕ್ಯಾನಿಕ್‌ಗಳ ಹತ್ತಿರ ಇರುವ ಸೀರೀಸ್ ಬಲ್ಬಿನ ಬೋರ್ಡ್ ಸಾಕು. 60 ಅಥವಾ 100 ವಾಟಿನ ಹಳೇ ಬಲ್ಬಿನ ಮೂಲಕ ಕರೆಂಟ್ ಕೊಟ್ಟಾಗ ಬಲ್ಬ್ ಒಂದು ಕ್ಷಣ ಉರಿದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್ ಇದಕ್ಕೆ ನಡೆಯುವುದಿಲ್ಲ. ಎರಡು ಪಿನ್ನಿನ ಹಳೆಯ ವೈರ್ ತೆಗೆದು ಮೂರು ಪಿನ್ ಹಾಕಿಸಿ, ಅರ್ತ್ ಲೋಹದ ಚಾಸಿಗೆ ತಾಗಲಿ, ಫ್ಯೂಸ್ ಇರಲಿ. ಜಪಾನಿನದಾದರೆ 100 ವೋಲ್ಟ್, ಅಮೆರಿಕದ್ದಾದರೆ 117. ಹಿಂಬದಿಯ ತಗಡಿನ ಮೇಲೆ ಬರೆದಿರುತ್ತದೆ, ಓದದೆ 230ಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು.

ಆನ್ ಮಾಡಿದ ಕೂಡಲೇ ಸ್ವರಕ್ಕಿಂತ ಜೋರಾಗಿ ಗುಂಯ್ ಅನ್ನುತ್ತಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಮೊದಲು ಬದಲಿಸಿ, ವೋಲ್ಟೇಜ್ ಅಳೆಯಿರಿ, ಆಮೇಲೆ ಮುಂದಿನ ಬೋರ್ಡಿಗೆ ಹೋಗಿ. ಎಲ್ಲ ಕೆಪಾಸಿಟರ್‌ಗಳನ್ನೂ ಒಂದೇ ಸಲ ಕಿತ್ತು ಹಾಕುವ ಉತ್ಸಾಹ ಕೆಲವರಿಗಿರುತ್ತದೆ. ಆಮೇಲೆ ಹೊಸ ತೊಂದರೆ ಬಂದರೆ ಅದು ಹಳೆಯದೋ ತಾವು ತಂದದ್ದೋ ಗೊತ್ತಾಗುವುದಿಲ್ಲ.

ಎಲ್ಲ ಸರಿಯಿದ್ದೂ ಸದ್ದೇ ಇಲ್ಲವೇ? ವಾಲ್ಯೂಮ್ ಪೆಡಲ್ ಬಿಚ್ಚಿ ನೋಡಿ. ಹಲವು ಆರ್ಗನ್‌ಗಳಲ್ಲಿ ಪೆಡಲ್ ಒಳಗೆ ಒಂದು ಪುಟ್ಟ ಬಲ್ಬ್, ಎದುರಿಗೆ ಬೆಳಕಿಗೆ ಸ್ಪಂದಿಸುವ ಎಲ್‌ಡಿಆರ್ ಇರುತ್ತದೆ. ಆ ಬಲ್ಬ್ ಸುಟ್ಟರೆ ಇಡೀ ಆರ್ಗನ್ ಮೂಕ. ಇಷ್ಟಕ್ಕೇ ಗುಜರಿ ಸೇರಿದವು ಎಷ್ಟಿವೆಯೋ.

ಕಾಂಟ್ಯಾಕ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಹಳೆಯ ವಿಸಿಟಿಂಗ್ ಕಾರ್ಡ್ ಸಾಕು. ಕಾರ್ಡಿನ ಸೀಳನ್ನು ಅದರಲ್ಲಿ ಅದ್ದಿ, ಎರಡು ತಂತಿಯ ನಡುವೆ ಇಟ್ಟು, ಕೀ ಒತ್ತಿ ಮೆಲ್ಲಗೆ ಎಳೆಯಿರಿ. ಮರಳು ಕಾಗದ ತಾಗಿಸಿದರೆ ಮೇಲಿನ ಬೆಳ್ಳಿಯ ಲೇಪ ಹೋಗಿ ಕಾಂಟ್ಯಾಕ್ಟ್ ಇನ್ನೂ ಬೇಗ ಕಪ್ಪಾಗುತ್ತದೆ. ಡಬ್ಲ್ಯೂಡಿ-40 ಹೊಡೆಯುವುದೂ ಬೇಡ, ಉಳಿಯುವ ಎಣ್ಣೆಯ ಪೊರೆಗೆ ಧೂಳು ಕೂರುತ್ತದೆ. ಕೀಗಳ ಕೆಳಗಿನ ಸ್ಪಂಜು ಅಂಟು ಅಂಟಾಗಿ ಕರಗಿದ್ದರೆ ಪೂರ್ತಿ ಕೆರೆದು ಫೆಲ್ಟ್ ಹಾಕಿಸಿ. ಹಾರ್ಮೋನಿಯಂ ರಿಪೇರಿ ಮಾಡುವವರಿಗೆ ಇದು ದಿನನಿತ್ಯದ ಕೆಲಸ.

ಈಗ ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತಿ ಬರೆದುಕೊಳ್ಳಿ. ಒಂದೇ ಒಂದು ಕೀ ಸತ್ತಿದ್ದರೆ ಕಾಂಟ್ಯಾಕ್ಟ್. ಒಂದು ಸ್ವರ ಮೇಲಿನ ಸ್ಥಾಯಿಯಲ್ಲಿದ್ದು ಕೆಳಗೆಲ್ಲ ಇಲ್ಲದಿದ್ದರೆ ಡಿವೈಡರ್. ಆ ಸ್ವರ ಎಲ್ಲ ಸ್ಥಾಯಿಯಲ್ಲೂ ಇಲ್ಲದಿದ್ದರೆ ಅದರ ಆಸಿಲೇಟರ್ ಅಥವಾ ಮೂಲ ಚಿಪ್. ಎಲ್ಲ ಸ್ವರವೂ ಒಟ್ಟಿಗೆ ಏರಿದ್ದರೆ ಇಲ್ಲಾ ಇಳಿದಿದ್ದರೆ ಕ್ಲಾಕ್ ಅಥವಾ ವೋಲ್ಟೇಜ್. ಈ ಒಂದು ಹಾಳೆ ಕೈಯಲ್ಲಿದ್ದರೆ ಯಾವ ಮೆಕ್ಯಾನಿಕ್ ಎದುರಿಗೂ ನೀವು ಅಮಾಯಕರಲ್ಲ.

ಹಳೆಯ ದನಿಯನ್ನೇ ಉಳಿಸುವುದು

ಟ್ರಾನ್ಸಿಸ್ಟರ್ ಆರ್ಗನ್‌ಗೂ ಚಕ್ರದ ಹ್ಯಾಮಂಡ್‌ಗೂ ನಾನು ಮೊದಲು ಹೇಳುವ ದಾರಿ ಇದೇ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಹೆಚ್ಚಿನದು ಸಿಗುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾತ್ರ ಕಷ್ಟ. ಮೈಸೂರಿನಿಂದ ರೈಲು ಹತ್ತಿದರೆ ಒಂದು ದಿನದ ಕೆಲಸ. ಖರ್ಚಿನ ದೊಡ್ಡ ಪಾಲು ಬಿಡಿಭಾಗದ್ದಲ್ಲ, ಕೂತು ಹುಡುಕುವವರ ಕೂಲಿಯದು. ಪಿಯಾನೊ ನುಡಿಸುತ್ತಿದ್ದ, ರಷ್ಯದ ಸಂಗೀತ ರಚನೆಕಾರ ಮೆಡ್ಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟ ಜಯಚಾಮರಾಜ ಒಡೆಯರ ಊರಿನಲ್ಲೂ ಈಗ ಆರ್ಗನ್ ಬಿಚ್ಚಿ ಕೂರುವ ತಾಳ್ಮೆಯವರು ಕಡಿಮೆ.

ಇದರ ಕೊರತೆಯೂ ಗೊತ್ತಿರಲಿ. ಹಾಡುವವರಿಗೆ ತಕ್ಕಂತೆ ಗುಂಡಿ ಒತ್ತಿ ಶ್ರುತಿ ಬದಲಿಸಲು ಆಗುವುದಿಲ್ಲ. ಹನ್ನೆರಡು ಆಸಿಲೇಟರ್ ಇರುವವು ಬೇಸಿಗೆಗೊಂದು, ಮಳೆಗಾಲಕ್ಕೊಂದು ಶ್ರುತಿಗೆ ಜಾರುತ್ತವೆ; ಹನ್ನೆರಡನ್ನೂ ಬಿಡಿಬಿಡಿಯಾಗಿ ತಿರುಗಿಸಿ ಸರಿಮಾಡಬೇಕು. ಮಂಡ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ, ಸ್ಟೆಬಿಲೈಜರ್ ಇಲ್ಲದೆ ನುಡಿಸುವುದು ಬೇಡ. ಮನೆಯ ಯುಪಿಎಸ್ ಚೌಕ ಅಲೆಯದ್ದಾದರೆ ಕರೆಂಟ್ ಹೋದಾಗ ಸ್ಪೀಕರಿನಲ್ಲಿ ಜೇನುನೊಣ ಸೇರಿಕೊಂಡಂತೆ ಕೇಳುತ್ತದೆ. ಸೈನ್ ವೇವ್ ಇರುವುದೇ ಬೇಕು.

ದನಿಯೂ ಇರಲಿ, ಮಿಡಿಯೂ ಇರಲಿ

ಮಿಡಿ ಅಂದರೆ ಸದ್ದಲ್ಲ, ಯಾವ ಕೀ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವ ಸುದ್ದಿ. 1983ರಲ್ಲಿ ಬಂದ ಕ್ರಮ ಇವತ್ತಿಗೂ ನಡೆಯುತ್ತಿದೆ. ಆದ್ದರಿಂದ ಹಳೆಯ ಸರ್ಕ್ಯೂಟನ್ನು ಮುಟ್ಟದೆ ಕೀಗಳ ಸುದ್ದಿಯನ್ನು ಮಾತ್ರ ಕದ್ದು ಕೇಳಬಹುದು. ಆಗುತ್ತದೆಯೋ ಇಲ್ಲವೋ ಅನ್ನುವುದು ಕಾಂಟ್ಯಾಕ್ಟಿನಲ್ಲಿ ಏನು ಹರಿಯುತ್ತಿದೆ ಅನ್ನುವುದರ ಮೇಲಿದೆ. ಮಲ್ಟಿಮೀಟರ್ ಹಿಡಿದು ನೋಡಿ: ಕೀ ಒತ್ತಿದಾಗ ಅಲ್ಲಿ ಡಿಸಿ ವೋಲ್ಟೇಜ್ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಪ್ರತಿ ಕೀಯ ತಂತಿಯಿಂದ ದೊಡ್ಡ ಬೆಲೆಯ ರೆಸಿಸ್ಟರ್ ಮೂಲಕ ಒಂದು ಟ್ರಾನ್ಸಿಸ್ಟರ್‌ಗೆ, ಅಲ್ಲಿಂದ ಹೊಸ ಬೋರ್ಡಿಗೆ. ನೇರವಾಗಿ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಹಾಕಿದರೆ ಅದು ಕೆಲವು ಮಿಲಿಆಂಪ್ ಎಳೆದುಕೊಂಡು ಹಳೆಯ ದನಿಯನ್ನು ಸೊರಗಿಸಬಹುದು. ವೋಲ್ಟೇಜ್ ಮೈನಸ್ ಇರುವ ಆರ್ಗನ್‌ಗಳೂ ಇವೆ, ಅಳೆಯದೆ ಆರ್ಡುಯಿನೊಗೆ (ಮೈಕ್ರೊಕಂಟ್ರೋಲರ್ ಇರುವ ಪುಟ್ಟ ಬೋರ್ಡ್) ತಾಗಿಸಿದರೆ ಅದು ಹೋಯಿತು.

ಕೀಯ ಕಾಂಟ್ಯಾಕ್ಟಿನಲ್ಲಿ ಸ್ವರವೇ ಹರಿಯುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಆದರೆ ಅಂಥವುಗಳಲ್ಲಿ ಒಂದೊಂದು ಕೀಗೂ 16, 8, 4, 2 ಅಡಿಯ ದನಿಗಳಿಗೆ (ಕೊಳವೆಯ ಉದ್ದದ ಲೆಕ್ಕ, ಅಡಿ ಕಡಿಮೆಯಾದಷ್ಟೂ ಸ್ಥಾಯಿ ಮೇಲೆ) ಬೇರೆ ಬೇರೆ ಕಾಂಟ್ಯಾಕ್ಟ್ ಇರುತ್ತದೆ. ನೀವು ಎಂದೂ ಬಳಸದ ಒಂದು ಸಾಲನ್ನು ಬಿಟ್ಟುಕೊಟ್ಟು, ಅದರ ಸ್ವರದ ತಂತಿಗಳನ್ನು ಬಿಡಿಸಿ, ಆ ಸಾಲನ್ನು ಪೂರ್ತಿ ಮಿಡಿಗೆ ಕೊಡಬಹುದು. ಒಂದು ದನಿ ಹೋಗುತ್ತದೆ, ಉಳಿದದ್ದು ಇದ್ದಂತೆ ಇರುತ್ತದೆ. ಬಿಡಿಸಿದ ತಂತಿಗಳನ್ನು ಕತ್ತರಿಸಬೇಡಿ, ಚೀಟಿ ಅಂಟಿಸಿ ಸುತ್ತಿಡಿ.

ಹೊಸ ಬೋರ್ಡಿನ ವಿಷಯದಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಮಾಡುವ ಸಲಹೆ ಒಂದಿದೆ: "8×8 ಮ್ಯಾಟ್ರಿಕ್ಸ್ ಮಾಡಿದ್ರೆ ಹದಿನಾರೇ ಪಿನ್ ಸಾಕು ಅಂಕಲ್." ಅಂದರೆ ಕೀಗಳನ್ನು ಎಂಟು ಅಡ್ಡಸಾಲು, ಎಂಟು ಉದ್ದಸಾಲಿನ ಜಾಲದಲ್ಲಿ ಕೂರಿಸುವುದು. ಲೆಕ್ಕ ಸರಿ, 61 ಕೀಗೆ 64 ಸ್ಥಾನ ಸಿಗುತ್ತದೆ. ಆದರೆ ಹಳೆಯ ಆರ್ಗನ್‌ನಲ್ಲಿ ಕೀಗಳೆಲ್ಲ ತಾಗುವುದು ಉದ್ದಕ್ಕೂ ಹೋದ ಒಂದೇ ಸರಳಿಗೆ. ಮ್ಯಾಟ್ರಿಕ್ಸ್ ಬೇಕೆಂದರೆ ಆ ಸರಳನ್ನು ಎಂಟೆಂಟು ಕೀಗೆ ತುಂಡರಿಸಬೇಕು, ಪ್ರತಿ ಕೀಗೂ ಒಂದೇ ದಿಕ್ಕಿಗೆ ಕರೆಂಟ್ ಬಿಡುವ 1ಎನ್4148 ಡಯೋಡ್ ಹಾಕಬೇಕು, ಇಲ್ಲದಿದ್ದರೆ ಮೂರು ಕೀ ಒತ್ತಿದಾಗ ಒತ್ತದ ನಾಲ್ಕನೆಯದೂ ಹಾಡುತ್ತದೆ. ಅದರ ಬದಲು 74ಎಚ್‌ಸಿ165 ಶಿಫ್ಟ್ ರಿಜಿಸ್ಟರ್ ಬಳಸಿ, ಅದು ಕೀಗಳ ಸ್ಥಿತಿಯನ್ನು ಒಂದೇ ತಂತಿಯಲ್ಲಿ ಸರತಿಯಂತೆ ಕಳಿಸುವ ಚಿಪ್. ಒಂದು ಚಿಪ್‌ಗೆ ಎಂಟು ಕೀ, 61 ಕೀಗೆ ಎಂಟು ಚಿಪ್, 13 ಪೆಡಲ್‌ಗೆ ಎರಡು. ಸರಳು ಇಡಿಯಾಗಿ ಉಳಿಯುತ್ತದೆ. ಚಿಪ್ ಅಗ್ಗ, ಎಟಿಮೆಗಾ32ಯು4 ಇರುವ ಆರ್ಡುಯಿನೊ ಬೋರ್ಡ್ ಸಾಕು, ಅದು ಯುಎಸ್‌ಬಿಯಲ್ಲಿ ತಾನೇ ಮಿಡಿ ವಾದ್ಯವಾಗಿ ಕಾಣಿಸಿಕೊಳ್ಳುತ್ತದೆ.

ಹಳೆಯ ಕಾಂಟ್ಯಾಕ್ಟ್ ಒಮ್ಮೆ ತಾಗಿದಾಗ ಹಲವು ಸಲ ಅದುರುತ್ತದೆ. ಅದುರು ನಿಲ್ಲುವ ತನಕ ಕಾದು ಸ್ವರ ಕಳಿಸುವ ಪ್ರೋಗ್ರಾಂ ಬರೆದರೆ ಬೆರಳಿಗೆ ತಡ ಗೊತ್ತಾಗುತ್ತದೆ. ಮೊದಲ ತಾಗುವಿಕೆಗೇ ಸ್ವರ ಕಳಿಸಿ, ಆಮೇಲಿನ ಕೆಲವು ಮಿಲಿಸೆಕೆಂಡ್ ಆ ಕೀ ಕಡೆ ನೋಡದಿದ್ದರಾಯಿತು. ಐದು ಪಿನ್ನಿನ ಹಳೆಯ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಮಾತ್ರ ಸಾಗಿಸುತ್ತದೆ, ಒಂದು ಸ್ವರಕ್ಕೆ ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ಎರಡು ಕೈ ಪೂರ್ತಿ ಕಾರ್ಡ್ ಹಿಡಿದರೆ ಹತ್ತಾಗುತ್ತದೆ. ಕಂಪ್ಯೂಟರ್ ಜೊತೆ ನುಡಿಸುವವರು ಯುಎಸ್‌ಬಿಯನ್ನೇ ಹಿಡಿಯಿರಿ. ವಾಲ್ಯೂಮ್ ಪೆಡಲನ್ನು ಕಂಟ್ರೋಲ್ ಸಂಖ್ಯೆ 11ಕ್ಕೆ ಕೊಡಿ, 7ಕ್ಕಲ್ಲ. 7 ಇಡೀ ವಾದ್ಯದ ಮಟ್ಟ, 11 ನುಡಿಸುವಾಗಿನ ಏರಿಳಿತ.

ಒಂದು ಮಿತಿ: ಮಿಡಿಗೆ ಸಿಗುವುದು ಪ್ರತಿ ಕೀಯ ಒಂದೇ ಕಾಂಟ್ಯಾಕ್ಟ್. ಮೆಲ್ಲಗೆ ಒತ್ತಿದಿರೋ ಜೋರಾಗಿಯೋ ಅದಕ್ಕೆ ತಿಳಿಯದು. ಆರ್ಗನ್, ಹಾರ್ಮೋನಿಯಂ ದನಿಗೆ ಅದು ಬೇಕಾಗಿಯೂ ಇಲ್ಲ. ಪಿಯಾನೊ ನುಡಿಸುವ ಆಸೆಯಿಂದ ಮಿಡಿ ಹಾಕಿಸುವವರು ಇಲ್ಲೇ ನಿಲ್ಲಿ.

ಒಳಗಿನದ್ದು ತೆಗೆದು ಬರೀ ಮಿಡಿ

80ರ ದಶಕದ ದೊಡ್ಡ ಚಿಪ್ ಸುಟ್ಟ ಆರ್ಗನ್‌ಗೆ ಇದೇ ಸರಿ, ಬೇಸರವೂ ಬೇಡ. ಅವುಗಳಲ್ಲಿ ಅನೇಕದರಲ್ಲಿ ಕೀಗಳು ಡಯೋಡ್ ಸಹಿತ ಮ್ಯಾಟ್ರಿಕ್ಸಿನಲ್ಲೇ ಇರುತ್ತವೆ, ಏಕೆಂದರೆ ಅಲ್ಲಿನ ಚಿಪ್ ಕೂಡ ಕೀಗಳನ್ನು ಸಾಲುಸಾಲಾಗಿ ಓದುತ್ತಿತ್ತು. ರಿಬ್ಬನ್ ಕೇಬಲ್ ಕಳಚಿ ಆರ್ಡುಯಿನೊಗೆ ಸೇರಿಸಿದರೆ ಅರ್ಧ ಕೆಲಸ ಆದಂತೆ. ಮೂರು ವಾರ ಹಿಡಿಯುವ ತಂತಿ ಕೆಲಸ ಇಲ್ಲಿ ಒಂದು ವಾರಾಂತ್ಯಕ್ಕೆ ಇಳಿಯುತ್ತದೆ.

ದನಿಗೆ ಗ್ರ್ಯಾಂಡ್‌ಆರ್ಗ್ ಇದೆ, ಉಚಿತ. ನಿಜವಾದ ಕೊಳವೆ ಆರ್ಗನ್‌ಗಳ ಧ್ವನಿಮುದ್ರಣವನ್ನು ಅದರಲ್ಲಿ ನುಡಿಸಬಹುದು. ಹಾಪ್ಟ್‌ವರ್ಕ್ ಹಣ ಕೊಟ್ಟು ಕೊಳ್ಳುವಂಥದ್ದು. ಹ್ಯಾಮಂಡ್ ದನಿಗೆ ಸೆಟ್‌ಬಿಫ್ರೀ, ಹಾರ್ಮೋನಿಯಂ ಮುಂತಾದ ದನಿಗೆ ಸೌಂಡ್‌ಫಾಂಟ್ (ಮುದ್ರಿಸಿದ ದನಿಗಳ ಕಡತ) ಹಾಕಿ ಫ್ಲೂಯಿಡ್‌ಸಿಂತ್. ಕಂಪ್ಯೂಟರಿನ ಆಡಿಯೊ ಬಫರ್ 128 ಸ್ಯಾಂಪಲ್‌ಗೆ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಅದರ ತಡ 3 ಮಿಲಿಸೆಕೆಂಡಿಗೂ ಕಡಿಮೆ. 1024ಕ್ಕೆ ಬಿಟ್ಟವರು ಆರ್ಗನ್ ಕೆಟ್ಟಿದೆ ಅಂತ ಬರುತ್ತಾರೆ.

ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಚೆನ್ನಾಗಿದ್ದರೆ ಎಸೆಯಬೇಡಿ. ಕಂಪ್ಯೂಟರಿನ ದನಿಯನ್ನು ಅದರ ಮೂಲಕವೇ ಬಿಟ್ಟರೆ ಮರದ ಪೆಟ್ಟಿಗೆಯ ಗುಣ ಬರುತ್ತದೆ. ಗುಂಯ್ ಸದ್ದು ಬಂದರೆ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ದನಿ ಇನ್ನೂ ಚೆನ್ನಾಗಿರುವ ಟ್ರಾನ್ಸಿಸ್ಟರ್ ಆರ್ಗನ್ನಿನ ಒಳಗನ್ನು ಮಾತ್ರ ಖಾಲಿ ಮಾಡಬೇಡಿ. ಐದು ವರ್ಷಕ್ಕೆ ಕಂಪ್ಯೂಟರ್ ಹಳತಾಗುತ್ತದೆ, ಆ ಬೋರ್ಡ್‌ಗಳಿಗೆ ಈಗಾಗಲೇ ಐವತ್ತಾಗಿದೆ.

ಯಾರಿಗೆ ಯಾವುದು

ಚರ್ಚಿಗೆ: ಪೂಜೆಯ ನಡುವೆ ಕಂಪ್ಯೂಟರ್ ಅಪ್‌ಡೇಟ್ ಆಗುತ್ತಾ ಕೂರುವುದನ್ನು ಯಾವ ಪಾದ್ರಿಯೂ ಒಪ್ಪುವುದಿಲ್ಲ. ಹಳೆಯ ದನಿ ನಡೆಯುವಂತಿದ್ದು ಮಿಡಿ ಜೊತೆಗಿದ್ದರೆ ಕ್ಷೇಮ. ಪೂರ್ತಿ ಗ್ರ್ಯಾಂಡ್‌ಆರ್ಗ್‌ಗೆ ಹೋಗುವುದಾದರೆ ಪ್ರತಿಧ್ವನಿಯಿಲ್ಲದೆ ಮುದ್ರಿಸಿದ ದನಿಗಳನ್ನೇ ಆರಿಸಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚಿನಂಥ ಎತ್ತರದ ಕಟ್ಟಡಕ್ಕೆ ತನ್ನದೇ ಪ್ರತಿಧ್ವನಿ ಇದೆ. ಅದರ ಮೇಲೆ ಯುರೋಪಿನ ಇನ್ನೊಂದು ಚರ್ಚಿನದ್ದೂ ಸೇರಿದರೆ ಸ್ವರ ಸ್ವರಕ್ಕೆ ಅಂಟಿಕೊಳ್ಳುತ್ತದೆ.

ಮಂಡ್ಯದ ಕಡೆಯ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳ ಕಥೆ ಬೇರೆ. ಕುರುಕ್ಷೇತ್ರಕ್ಕೆ ದುರ್ಯೋಧನನೊಬ್ಬ, ಕೃಷ್ಣನೊಬ್ಬ. "ಅವ್ನು ನಾಕೂವರೆ ಮನೆಗೆ ಎತ್ಕತಾನೆ, ಇವ್ನು ಎರಡಕ್ಕೇ ಬಿದ್ದೋಯ್ತಾನೆ, ಈ ಪೆಟ್ಗೇಲಿ ಏರ್ಸಿ ಇಳ್ಸಕ್ಕಾಯ್ತದಾ ಸಾ?" ಅನ್ನುತ್ತಾರೆ. ಹಳೆಯ ಮೇಷ್ಟ್ರುಗಳು ಯಾವ ಮನೆಯಲ್ಲಾದರೂ, ಅಂದರೆ ಯಾವ ಶ್ರುತಿಯಲ್ಲಾದರೂ, ನುಡಿಸುತ್ತಾರೆ, ಅವರಿಗೆ ಇದು ಬೇಡ. ಒಂದೇ ಶ್ರುತಿಯಲ್ಲಿ ಕಲಿತವರಿಗೆ ಮಿಡಿ ಇದ್ದರೆ ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ರಾತ್ರಿಯಿಡೀ ನಾಟಕಕ್ಕೆ ಟಾಟಾ ಏಸ್‌ನಲ್ಲಿ ಆರ್ಗನ್ ಹೊತ್ತುಕೊಂಡು ಹೋಗುವ ಮಾತೇ ಬೇಡ. ಇಂಥವರು 61 ಕೀಯ ಹೊಸ ಪೋರ್ಟಬಲ್ ಕೀಬೋರ್ಡ್ ಕೊಳ್ಳಲಿ, ನಾನು ತಡೆಯುವುದಿಲ್ಲ.

ಮನೆಯಲ್ಲಿ, ಎರಡು ಸಾಲು ಕೀ, ಕಾಲಿಗೆ ಪೆಡಲ್ ಇರುವ ಆರ್ಗನ್ ಕಲಿಯುವ ಮಕ್ಕಳಿದ್ದರೆ ಹಳೆಯದ್ದನ್ನು ಬಿಡಬೇಡಿ. ಆ ಮರದ ಪೆಡಲ್ ಸಾಲನ್ನು ಹೊಸದಾಗಿ ತರಿಸುವ ಬೆಲೆಗೆ ಎರಡು ಒಳ್ಳೆಯ ಕೀಬೋರ್ಡ್ ಬರುತ್ತವೆ. ಪೆಡಲ್‌ಗೆ ಮಿಡಿ ಹಾಕುವುದು ಎಲ್ಲಕ್ಕಿಂತ ಸುಲಭ: ಒಂದೊಂದಕ್ಕೆ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಅಯಸ್ಕಾಂತ ಹತ್ತಿರ ಬಂದರೆ ಕೂಡುವ, ಗಾಜಿನೊಳಗೆ ಮುಚ್ಚಿದ ರೀಡ್ ಸ್ವಿಚ್. ಕಾಂಟ್ಯಾಕ್ಟಿಗೆ ಧೂಳು ಕೂರುವ ಪ್ರಶ್ನೆಯೇ ಇಲ್ಲ. ತಂತಿ ಕೆಲಸ ಕಲಿಯಬೇಕೆಂದವರು ಇಲ್ಲಿಂದಲೇ ಶುರುಮಾಡಬಹುದು.

ಕೆಲಸ ಕೊಡುವಾಗ ಮೆಕ್ಯಾನಿಕ್‌ಗೆ ಮುಂಚೆಯೇ ಹೇಳಿಡಿ: ತೆಗೆದ ಪ್ರತಿಯೊಂದು ಬೋರ್ಡೂ ಡಬ್ಬದಲ್ಲಿ ವಾಪಸ್ ಬರಬೇಕು, ಯಾವ ಬಣ್ಣದ ತಂತಿ ಯಾವ ಪಿನ್ನಿಗೆ ಅನ್ನುವುದು ಕೈಬರಹದಲ್ಲಾದರೂ ಇರಬೇಕು, ಬರೆದ ಪ್ರೋಗ್ರಾಂ ನಿಮ್ಮ ಪೆನ್‌ಡ್ರೈವ್‌ಗೆ ಬರಬೇಕು. ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಿಂಬದಿಯ ಹಲಗೆಯ ಒಳಗಡೆ ಅಂಟಿಸಿ, ಮುಂದೆ ಯಾರೇ ಬಿಚ್ಚಿದರೂ ಕೈಗೆ ಸಿಗುವಂತೆ.